ಲಾವಣಿಯ ಗಾಯಕಿ ರಂಗಮಂಚವನ್ನೇರಿದುದು ಸರಿಯೇ?

ಜನಪದ ಗೀತೆಯನ್ನು ಹಾಡುವವರು ಅದನ್ನೇ ಹಾಡಿಕೊಂಡಿರಬೇಕು. ನಾಟಕಶಾಲೆಯ ದೀಪಗಳ ಮುಂದೆ ಬಂದು ನಿಂತರೆ ಹಾಡೂ ಕೆಟ್ಟಿತು, ಹಾಡುವವರೂ ಕೆಟ್ಟರು ಎಂದು ವಾದಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಈ ವಾದದಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಇಂಥ ವಾದವನ್ನು ಬರಿಯ ತತ್ತ್ವದ ಮಟ್ಟದಲ್ಲಿಯೇ ನಡೆಸುತ್ತ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. ಒಬ್ಬರ ಬಾಳನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸಿ ನೋಡಿದರೆ ಎಷ್ಟು ಕಾಳು, ಎಷ್ಟು ಜೊಳ್ಳು ಎಂಬುದು ತಿಳಿದೀತು. ಆ ಉದ್ದೇಶದಿಂದ ಸ್ಕಾಟ್ಲೆಂಡಿನ ಗಾಯಕಿಯೂ ನಟಿಯೂ ಆದ ಬಾರ್ಬರಾ ಡಿಕ್ಸನ್ ಅವರ ಜೀವನವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಲಾವಣಿಯಿಂದ ಹೊರಟು ಲಂಡನ್ನಿನ ದೊಡ್ಡ ನಾಟಕಶಾಲೆಗಳವರೆಗೆ ಹೋದವರು ಈಕೆ. ಹೋದುದು ತಪ್ಪಲ್ಲ, ಲಾವಣಿಯ ಸಂಸ್ಕಾರವೇ ಆಕೆಯನ್ನು ಅಲ್ಲಿ ಕಾಪಾಡಿತು ಎಂಬುದು ನನ್ನ ಅಭಿಪ್ರಾಯ.

ಮೊದಲು ಆಕೆಯ ಊರು, ಮನೆಗಳ ವಿಚಾರ. ಎಡಿನ್‌ಬರೋ ನಗರದ ಉತ್ತರಕ್ಕೆ, ಫೋರ್ತ್ ನದಿಯ ಅಳಿವೆಯನ್ನು ದಾಟಿದರೆ ಫೈಫ್ ಎಂಬ ಸೀಮೆ ಸಿಕ್ಕುತ್ತದೆ. ಅಲ್ಲಿಯ ಹಳೆಯ ಪಟ್ಟಣ ಡನ್‌ಫರ್ಮ್‌ಲಿನ್. ಸ್ಕಾಟ್ಲೆಂಡಿನ ವೀರ ದೊರೆ ರಾಬರ್ಟ್ ಬ್ರೂಸನ ಸಮಾಧಿ ಇರುವುದು ಅಲ್ಲಿಯೇ. 1835ರಲ್ಲಿ ನೇಕಾರನ ಮಗನಾಗಿ ಹುಟ್ಟಿ ಅಮೆರಿಕದಲ್ಲಿ ಉಕ್ಕಿನ ಕುಬೇರನಾದ ಆಂಡ್ರೂ ಕಾರ್ನೆಗಿಯ ಜನ್ಮಸ್ಥಳವೂ ಅದೇ. ನಾರುಬಟ್ಟೆಯ ನೇಯ್ಗೆ, ಕಲ್ಲಿದ್ದಲ ಗಣಿ, ಪಕ್ಕದ ರೊಸೈತ್‌ನ ನೌಕಾನೆಲೆ—ಇವು ಆ ಕಡೆಯ ಜನರ ಜೀವನಾಧಾರಗಳಾಗಿದ್ದುವು. 1947ರ ಸೆಪ್ಟೆಂಬರ್ 27ರಂದು ಡಿಕ್ಸನ್ ಹುಟ್ಟಿದುದು ಈ ಊರಿನಲ್ಲಿ. ತಂದೆ ರೊಸೈತ್‌ನಲ್ಲಿ ಹಡಗುಗಳನ್ನು ಎಳೆಯುವ ದೋಣಿಯೊಂದರ ಅಡಿಗೆಯವರು. ತಾಯಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನವರು. ದುಡಿದು ಉಣ್ಣುವ ಮನೆತನ. ತಾಯಿಯ ತವರು ಲಿವರ್‌ಪೂಲ್ ಎಂಬುದನ್ನು ವಾಚಕರು ನೆನಪಿಟ್ಟಿರಬೇಕು. ಮುಂದೆ ಆಕೆಯ ಬಾಳು ಅದೇ ಊರಿನಲ್ಲಿ ತಿರುವು ಪಡೆಯಲಿದೆ. ಬಾಲ್ಯದಲ್ಲಿ ಪಿಯಾನೋ ಕಲಿತು, ಆಮೇಲೆ ಗಿಟಾರನ್ನು ಕೈಗೆ ತೆಗೆದುಕೊಂಡರು.

ಆ ಕಾಲವೂ ಅಂಥದು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ 1951ರಲ್ಲಿ ‘ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್’ ಎಂಬ ಸಂಸ್ಥೆ ಹುಟ್ಟಿತು. ಅದರ ಹ್ಯಾಮಿಷ್ ಹೆಂಡರ್‌ಸನ್ ಎಂಬ ಕವಿ-ವಿದ್ವಾಂಸರು ಧ್ವನಿಮುದ್ರಣ ಯಂತ್ರವನ್ನು ಹೊತ್ತುಕೊಂಡು ಊರೂರು ತಿರುಗಿ, ಅಲೆಮಾರಿಗಳ ಬಿಡಾರಗಳಲ್ಲಿಯೂ ಹೊಲಗೆಲಸದವರ ನಡುವೆಯೂ ಹಾಡುಗಳನ್ನು ಸಂಗ್ರಹಿಸಿದರು. 1953ರಲ್ಲಿ ಅಬರ್ಡೀನ್ ನಗರದ ಜೀನಿ ರಾಬರ್ಟ್‌ಸನ್ ಎಂಬ ಹೆಂಗಸಿನ ಹಾಡುಗಾರಿಕೆಯನ್ನು ಅವರು ಕೇಳಿದುದು ಆ ನಾಡಿನ ಜಾನಪದದ ಚರಿತ್ರೆಯಲ್ಲಿ ಒಂದು ದೊಡ್ಡ ಸಂಗತಿ. ಪುಸ್ತಕಗಳಲ್ಲಿ ಮಾತ್ರ ಉಳಿದಿವೆಯೆಂದು ಪಂಡಿತರು ತಿಳಿದಿದ್ದ ಲಾವಣಿಗಳು ಬಡ ಹೆಂಗಸೊಬ್ಬಳ ಕಂಠದಲ್ಲಿ ಜೀವಂತವಾಗಿದ್ದುವು. ಇದಾದ ಮೇಲೆ ಪಟ್ಟಣಪಟ್ಟಣಗಳಲ್ಲಿ ಎಳೆಯರು ಹಾಡಿನ ಕೂಟಗಳನ್ನು ಕಟ್ಟಿದರು. ಡನ್‌ಫರ್ಮ್‌ಲಿನ್‌ನಲ್ಲಿಯೂ ಅಂಥ ಕೂಟವಿದ್ದಿತು. ಹದಿಹರೆಯದ ಡಿಕ್ಸನ್ ಮೊದಲು ಹಾಡಲು ನಿಂತುದು ಇಂಥ ಕೂಟಗಳ ಮುಂದೆ.

ಲಾವಣಿಯೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನನ್ನ ವಾದವೆಲ್ಲ ಅದರ ಮೇಲೆ ನಿಂತಿದೆ. ಅಮೆರಿಕದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 1882ರಿಂದ 1898ರವರೆಗೆ ಇಂಗ್ಲೆಂಡ್, ಸ್ಕಾಟ್ಲೆಂಡುಗಳ 305 ಲಾವಣಿಗಳನ್ನು ಪಾಠಾಂತರಗಳೊಡನೆ ಪ್ರಕಟಿಸಿದರು. ಕೊಲೆ, ವಂಚನೆ, ಅಗಲಿಕೆ, ಮಗುವಿನ ಸಾವು, ಒಡಹುಟ್ಟಿದವರ ದ್ವೇಷ ಇವೇ ಅವುಗಳ ವಸ್ತು. ವಸ್ತು ಇಷ್ಟು ಭೀಕರವಾಗಿದ್ದರೂ ಹೇಳುವ ರೀತಿ ಮಾತ್ರ ಬಹಳ ಸಂಯಮದ್ದು. ಕತೆಗಾರ ನಡುವೆ ಬಂದು ಉಪದೇಶ ಮಾಡುವುದಿಲ್ಲ. ಪಾತ್ರಗಳು ಎದೆ ಬಡಿದುಕೊಂಡು ಅಳುವುದಿಲ್ಲ. ಹಾಡುವವರು ಕೈ ಬೀಸುವುದಿಲ್ಲ, ದನಿಯನ್ನು ಬೇಕೆಂದು ನಡುಗಿಸುವುದಿಲ್ಲ. ನಿಂತಲ್ಲಿಯೇ ನಿಂತು ಕತೆಗೆ ಬಾಯಾಗುತ್ತಾರೆ. ಅಳು ಬರಬೇಕಾದುದು ಕೇಳುವವರಿಗೆ, ಹಾಡುವವರಿಗಲ್ಲ. ಈ ಶಿಸ್ತಿನಲ್ಲಿ ಪಳಗಿದವರಿಗೆ ತಾವು ಕಾಣಿಸಿಕೊಳ್ಳುವುದಕ್ಕಿಂತ ಕತೆ ಕಾಣುವುದೇ ಮುಖ್ಯವಾಗುತ್ತದೆ.

ಶಾಲೆ ಮುಗಿದ ಬಳಿಕ ಡಿಕ್ಸನ್ ಎಡಿನ್‌ಬರೋ ನಗರಕ್ಕೆ ಬಂದು ಸರಕಾರಿ ಕಛೇರಿಯೊಂದರಲ್ಲಿ ಗುಮಾಸ್ತೆಯಾದರು. ಹಗಲು ಲೆಕ್ಕಪತ್ರ, ರಾತ್ರಿ ಹಾಡಿನ ಕೂಟ. ಹೀಗೆ ಎರಡು ದೋಣಿಗಳ ಮೇಲೆ ಕಾಲಿಟ್ಟು ಬಹುಕಾಲ ನಡೆಯಲಾಗುವುದಿಲ್ಲ. 1960ರ ದಶಕದ ಕೊನೆಯ ಭಾಗದಲ್ಲಿ ಆಕೆ ಕಛೇರಿಯ ಕೆಲಸವನ್ನು ಬಿಟ್ಟು ಹಾಡನ್ನೇ ವೃತ್ತಿಯಾಗಿ ಹಿಡಿದರು. ಅಡಿಗೆಯವರ ಮಗಳು ಸರಕಾರಿ ಸಂಬಳವನ್ನು ಬಿಡುವುದೆಂದರೆ ಅದು ಹುಡುಗಾಟವಲ್ಲ. ಮುಂದೆ ಆಕೆ ದುಡ್ಡಿನ ಆಸೆಗೆ ಬಿದ್ದರೆಂದು ಆಡುವವರು ಮೊದಲಿನ ಈ ತ್ಯಾಗವನ್ನು ಲೆಕ್ಕಕ್ಕೆ ಹಿಡಿಯಬೇಕು.

1969ರಲ್ಲಿ ಆರ್ಚೀ ಫಿಷರ್ ಎಂಬ ಹೆಸರಾಂತ ಗಾಯಕರೊಡನೆ ಹಾಡಿದ ‘ದಿ ಫೇಟ್ ಓ ಚಾರ್ಲಿ’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಸ್ಟೂಅರ್ಟ್ ವಂಶದ ರಾಜಕುಮಾರ ಚಾರ್ಲ್ಸ್ 1745ರಲ್ಲಿ ದಂಗೆಯೆದ್ದು, 1746ರಲ್ಲಿ ಕಲೋಡನ್ ರಣರಂಗದಲ್ಲಿ ಸೋತ ಕತೆಯ ಸುತ್ತ ಹುಟ್ಟಿದ ಹಾಡುಗಳು ಅದರಲ್ಲಿವೆ. 1972ರಲ್ಲಿ ಬಂದ ಇನ್ನೊಂದು ಮುದ್ರಿಕೆಯ ಹೆಸರಿಗೆ ಆಕೆ ಆರಿಸಿಕೊಂಡುದು ತಮ್ಮ ಸೀಮೆಯನ್ನು ಕುರಿತ ಹಳೆಯ ನುಡಿಯೊಂದನ್ನು. ಫೈಫ್ ಸೀಮೆಯೆಂದರೆ ಬಂಗಾರದ ಅಂಚುಳ್ಳ ಭಿಕ್ಷುಕನ ಹೊದಿಕೆ ಎಂದು ಆರನೆಯ ಜೇಮ್ಸ್ ದೊರೆ ಹೇಳಿದನೆಂದು ಪ್ರತೀತಿ. ಒಳನಾಡು ಬಡತನದ್ದು, ಕಡಲ ಕರೆಯ ಬಂದರುಗಳು ಸಂಪತ್ತಿನವು ಎಂಬುದು ಅದರ ಅರ್ಥ. ಊರಿನ ಅಭಿಮಾನ ಎಷ್ಟಿದ್ದಿತೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಇನ್ನು ತಿರುವಿಗೆ ಬರೋಣ. ಲಿವರ್‌ಪೂಲಿನಲ್ಲಿ ವಿಲ್ಲಿ ರಸೆಲ್ ಎಂಬ ಯುವಕರಿದ್ದರು. ಕ್ಷೌರದಂಗಡಿಯಲ್ಲಿ ಕೆಲಸಮಾಡಿ, ಆಮೇಲೆ ಓದಿ ಉಪಾಧ್ಯಾಯರಾಗಿ, ಹಾಡಿನ ಕೂಟಗಳಲ್ಲಿ ತಾವೂ ಹಾಡು ಕಟ್ಟಿ ಹಾಡಿದವರು. ಅವರು ಬೀಟಲ್ಸ್ ತಂಡದ ಕತೆಯನ್ನು ಕುರಿತು ‘ಜಾನ್, ಪಾಲ್, ಜಾರ್ಜ್, ರಿಂಗೋ ... ಆ್ಯಂಡ್ ಬರ್ಟ್’ ಎಂಬ ನಾಟಕ ಬರೆದರು. 1974ರಲ್ಲಿ ಎವರಿಮನ್ ನಾಟಕಶಾಲೆಯಲ್ಲಿ ಅದರ ಪ್ರದರ್ಶನವಾಯಿತು. ನಾಲ್ವರು ನಟರು ಬೀಟಲ್ಸ್ ಆಗಿ ಅಭಿನಯಿಸಿದರು. ಆದರೆ ಹಾಡುಗಳನ್ನು ಹಾಡಿದುದು ಅವರಲ್ಲ, ರಂಗದ ಒಂದು ಕಡೆ ಪಿಯಾನೋ ಮುಂದೆ ಕುಳಿತ ಡಿಕ್ಸನ್. ಜಗತ್ತಿಗೆಲ್ಲ ಗೊತ್ತಿದ್ದ ಹಾಡುಗಳನ್ನು ಅನುಕರಿಸಲು ಹೋಗದೆ ಹೆಣ್ಣುದನಿಯೊಂದು ಕತೆಯ ಪಕ್ಕದಲ್ಲಿ ಕುಳಿತು ಹೇಳಿದರೆ ಅವು ಹೊಸವಾಗುತ್ತವೆ. ಅದೇ ವರ್ಷ ನಾಟಕ ಲಂಡನ್ನಿಗೆ ಹೋಯಿತು. ಅಲ್ಲಿಂದ ಆಕೆಯ ಹೆಸರು ಹರಡಿತು. 1976ರಲ್ಲಿ ‘ಆನ್ಸರ್ ಮಿ’ ಎಂಬ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತು. 1980ರಲ್ಲಿ ‘ಜಾನ್ಯುಅರಿ ಫೆಬ್ರುಅರಿ’ ಎಂಬುದು ಹನ್ನೊಂದನೆಯ ಸ್ಥಾನದವರೆಗೆ ಏರಿತು. ದೂರದರ್ಶನದ ಹಾಸ್ಯ ಕಾರ್ಯಕ್ರಮಗಳ ನಡುವೆ ಆಕೆಯ ಹಾಡು ಮನೆಮನೆಗೆ ತಲಪಿತು.

ಆಕ್ಷೇಪಣೆ ಏಳುವುದು ಇಲ್ಲಿಯೇ. ಆ ಹಾಡುಗಳು ಇಂಪಾದುವು, ಆದರೆ ಲಾವಣಿಗಳಲ್ಲ. ಇಷ್ಟರಲ್ಲಿಯೇ ಆಕೆಯ ಕತೆ ಮುಗಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

1983ರ ಜನವರಿಯಲ್ಲಿ ಲಿವರ್‌ಪೂಲ್ ಪ್ಲೇಹೌಸ್‌ನಲ್ಲಿ ರಸೆಲ್ ಅವರ ‘ಬ್ಲಡ್ ಬ್ರದರ್ಸ್’ ಎಂಬ ಸಂಗೀತ ನಾಟಕ ರಂಗವೇರಿತು. ನೆತ್ತರು ಬೆರೆಸಿ ಆಣೆಯಿಟ್ಟು ಅಣ್ಣತಮ್ಮಂದಿರಾದವರು ಎಂದು ಹೆಸರಿನ ಅರ್ಥ. ಗಂಡ ಬಿಟ್ಟುಹೋದ, ಮಕ್ಕಳೊಂದಿಗಳಾದ ಶ್ರೀಮತಿ ಜಾನ್‌ಸ್ಟನ್ ಪರರ ಮನೆ ಗುಡಿಸಿ ಬದುಕುವವಳು. ಅವಳಿಗೆ ಅವಳಿ ಮಕ್ಕಳಾಗುತ್ತವೆ. ಸಾಕಲಾರದೆ ಒಂದು ಮಗುವನ್ನು, ತಾನು ಕೆಲಸಮಾಡುವ ಮನೆಯ ಮಕ್ಕಳಿಲ್ಲದ ಯಜಮಾನಿಗೆ ಗುಟ್ಟಾಗಿ ಕೊಡುತ್ತಾಳೆ. ಹುಡುಗರಿಬ್ಬರೂ ತಾವು ಒಡಹುಟ್ಟಿದವರೆಂಬುದನ್ನು ಅರಿಯದೆ ಗೆಳೆಯರಾಗುತ್ತಾರೆ. ಒಬ್ಬ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಾನೆ. ಇನ್ನೊಬ್ಬ ಕಾರ್ಖಾನೆಗೆ, ನಿರುದ್ಯೋಗಕ್ಕೆ, ಸೆರೆಮನೆಗೆ. ಸತ್ಯ ತಿಳಿಯುವ ದಿನವೇ ಇಬ್ಬರೂ ಸಾಯುತ್ತಾರೆ. ಎರಡು ಹೆಣಗಳ ನಡುವೆ ತಾಯಿ ಹಾಡಬೇಕು.

ವಾಚಕರೇ, ಇದು ಲಾವಣಿಯಲ್ಲದೆ ಮತ್ತೇನು? ಕೊಟ್ಟ ಮಗು, ಮುರಿಯಬಾರದ ಆಣೆ, ಮೊದಲೇ ತಿಳಿದಿರುವ ಸಾವು, ಪಕ್ಕದಲ್ಲಿ ನಿಂತು ಕತೆ ಹೇಳುವ ನಿರೂಪಕ—ಚೈಲ್ಡರ ಸಂಗ್ರಹದ ಸಾಮಗ್ರಿಯೆಲ್ಲ ಇದರಲ್ಲಿ ಉಂಟು. ಡಿಕ್ಸನ್ ಅಭಿನಯದ ಶಾಲೆಯಲ್ಲಿ ಕಲಿತವರಲ್ಲ. ಆದರೂ ಆ ತಾಯಿಯ ಪಾತ್ರಕ್ಕೆ ಆಕೆಯೇ ತಕ್ಕವರಾದುದೇಕೆ? ನಟನೆಯನ್ನು ಮಾತ್ರ ಬಲ್ಲವರು ಕೊನೆಯ ದೃಶ್ಯದಲ್ಲಿ ಗೋಳಾಡಿಬಿಡುವ ಅಪಾಯವಿದ್ದಿತು. ಭೀಕರವಾದುದನ್ನು ಹಾಡಬೇಕಾದಾಗ ದನಿಯನ್ನು ನೆಟ್ಟಗಿಡಬೇಕೆಂಬುದನ್ನು ಹಾಡಿನ ಕೂಟಗಳು ಹಲವು ವರ್ಷ ಆಕೆಗೆ ಕಲಿಸಿದ್ದುವು. ಲಿವರ್‌ಪೂಲಿನ ಹೆಂಗಸಿನ ನುಡಿಯಂತೂ ತಾಯಿಯ ತವರಿನದು. ಅದೇ ಏಪ್ರಿಲಿನಲ್ಲಿ ನಾಟಕ ಲಂಡನ್ನಿನ ಲಿರಿಕ್ ಶಾಲೆಗೆ ಬಂದಿತು. ಮುಂದೆ ಒಲಿವಿಯರ್ ಎಂಬ ಹೆಸರು ಪಡೆದ ರಂಗಪ್ರಶಸ್ತಿ ಆ ವರ್ಷದ ಸಂಗೀತ ನಾಟಕಗಳ ಶ್ರೇಷ್ಠ ನಟಿಯೆಂದು ಆಕೆಗೆ ಸಂದಿತು. ಆ ಮೊದಲ ಪ್ರದರ್ಶನ ಕೆಲವೇ ತಿಂಗಳು ನಡೆದು ಅಕ್ಟೋಬರಿನಲ್ಲಿ ನಿಂತಿತು. ಆದರೆ 1988ರಲ್ಲಿ ಬೇರೆ ನಟರೊಡನೆ ಮತ್ತೆ ಲಂಡನ್ನಿಗೆ ಬಂದ ನಾಟಕ 2012ರವರೆಗೆ ಹತ್ತು ಸಾವಿರಕ್ಕೂ ಮೀರಿ ಆಟಗಳನ್ನು ಕಂಡಿತು. ಆ ತಾಯಿಯ ಪಾತ್ರಕ್ಕೆ ಮೊದಲ ಹೆಜ್ಜೆಯ ಗುರುತನ್ನು ಹಾಕಿದವರು ಡಿಕ್ಸನ್.

1985ರಲ್ಲಿ ಎಲೇನ್ ಪೇಜ್ ಅವರೊಡನೆ ಹಾಡಿದ ‘ಐ ನೋ ಹಿಮ್ ಸೋ ವೆಲ್’ ಎಂಬ ಯುಗಳಗೀತೆ ನಾಲ್ಕು ವಾರ ಬ್ರಿಟನ್ನಿನಲ್ಲಿ ಅಗ್ರಸ್ಥಾನದಲ್ಲಿದ್ದಿತು. ‘ಚೆಸ್’ ಎಂಬ ಸಂಗೀತ ನಾಟಕದ ಹಾಡು ಅದು. ಒಬ್ಬನನ್ನೇ ಬಲ್ಲ ಇಬ್ಬರು ಹೆಂಗಸರು ಅದರಲ್ಲಿ ಜಗಳವಾಡುವುದಿಲ್ಲ, ಶಾಪ ಹಾಕುವುದಿಲ್ಲ. ಇರುವುದನ್ನು ಇದ್ದಂತೆ ಹೇಳುತ್ತಾರೆ. ಇಲ್ಲಿಯೂ ಅದೇ ಸಂಯಮ.

1999ರಲ್ಲಿ ಇನ್ನೊಂದು ಪಾತ್ರ. ಯಾರ್ಕ್‌ಷೈರಿನ ಕಾಸಲ್‌ಫರ್ಡ್ ಎಂಬ ಗಣಿಯೂರಿನ ವಿವ್ ನಿಕಲ್ಸನ್ ಎಂಬಾಕೆಯ ಗಂಡ ಗಣಿಯ ಕೆಲಸದವನು. 1961ರಲ್ಲಿ ಕಾಲ್ಚೆಂಡಿನ ಪಂದ್ಯಗಳ ಫಲಿತಾಂಶವನ್ನು ಊಹಿಸುವ ಪಣದಲ್ಲಿ ಅವರಿಗೆ 1,52,319 ಪೌಂಡುಗಳು ಬಂದುವು. ಏನು ಮಾಡುವೆಯೆಂದು ಪತ್ರಕರ್ತರು ಕೇಳಿದಾಗ ಖರ್ಚು ಮಾಡುವೆನೆಂದು ಮೂರು ಬಾರಿ ಒತ್ತಿ ಹೇಳಿದ ಆಕೆಯ ಮಾತು ದೇಶದಲ್ಲೆಲ್ಲ ಗಾದೆಯಾಯಿತು. 1965ರಲ್ಲಿ ಗಂಡ ಮೋಟಾರು ಅಪಘಾತದಲ್ಲಿ ಸತ್ತ. ಹಣವೂ ಕರಗಿ ಆಕೆ ದಿವಾಳಿಯಾದಳು. ಈ ಕತೆಯಿಂದ ಕಟ್ಟಿದ ‘ಸ್ಪೆಂಡ್ ಸ್ಪೆಂಡ್ ಸ್ಪೆಂಡ್’ ನಾಟಕದಲ್ಲಿ, ಹಿಂದಿನದನ್ನು ನೆನೆಯುವ ವಯಸ್ಸಾದ ವಿವ್ ಆಗಿ ಡಿಕ್ಸನ್ ಲಂಡನ್ನಿನ ಪಿಕಡಿಲಿ ಶಾಲೆಯಲ್ಲಿ ಅಭಿನಯಿಸಿದರು. 2000ದಲ್ಲಿ ಎರಡನೆಯ ಬಾರಿ ಅದೇ ಪ್ರಶಸ್ತಿ ಬಂದಿತು. ಎರಡು ದೊಡ್ಡ ಪಾತ್ರಗಳೂ ರಾಣಿಯರದಲ್ಲ, ದುಡಿಯುವ ವರ್ಗದ ಹೆಂಗಸರದು ಎಂಬುದನ್ನು ಗಮನಿಸಬೇಕು.

ಈಗ ಪ್ರತಿಪಕ್ಷದ ಬಲವಾದ ವಾದವನ್ನು ಕೇಳೋಣ. “ರಂಗಕ್ಕೆ ಹೋಗುವುದು ತಪ್ಪಲ್ಲ, ಎಂಥ ರಂಗಕ್ಕೆ ಹೋದರು ಎಂಬುದು ಪ್ರಶ್ನೆ. ಲೂಯಿಸ್ ದ್ವೀಪದ ಡೊಲೀನಾ ಮ್ಯಾಕ್ಲೆನನ್ ಅವರೂ ಗಾಯಕಿ, ಅವರೂ ನಟಿ. 1973ರಲ್ಲಿ ಜಾನ್ ಮೆಗ್ರಾ ಅವರ ‘7:84’ ತಂಡವನ್ನು ಸೇರಿ, ಮಲೆನಾಡಿನ ರೈತರನ್ನು ಒಕ್ಕಲೆಬ್ಬಿಸಿ ಕುರಿ ಸಾಕಿದ ಜಮೀನುದಾರರ ಚರಿತ್ರೆಯನ್ನು ಅದೇ ಜನರ ಊರುಗಳ ಸಭಾಂಗಣಗಳಲ್ಲಿ ಆಡಿದರು, ಗೇಲಿಕ್ ಹಾಡುಗಳನ್ನು ಗೇಲಿಕ್ ಜನರ ಮುಂದೆಯೇ ಹಾಡಿದರು. ಡಿಕ್ಸನ್ ಹೋದುದು ಟಿಕೀಟು ಕೊಳ್ಳಬಲ್ಲವರ ಲಂಡನ್ನಿಗೆ.” ಈ ಮಾತಿಗೆ ತೂಕವಿದೆ. ಶೇಕಡ 7 ಮಂದಿ ನಾಡಿನ ಶೇಕಡ 84 ಸಂಪತ್ತನ್ನು ಹಿಡಿದಿದ್ದಾರೆಂಬ ಲೆಕ್ಕವನ್ನೇ ಹೆಸರಾಗಿ ಇಟ್ಟುಕೊಂಡ ಆ ತಂಡದ ಸಾಹಸ ನಿಜವಾಗಿಯೂ ದೊಡ್ಡದು. ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಒಂದು ಹಾದಿ ಸರಿಯೆಂದ ಮಾತ್ರಕ್ಕೆ ಇನ್ನೊಂದು ತಪ್ಪಾಗುವುದಿಲ್ಲ. ‘ಬ್ಲಡ್ ಬ್ರದರ್ಸ್’ ಕೂಡ 1981ರಲ್ಲಿ ಶಾಲೆಗಳಲ್ಲಿ ಆಡಿದ ಕಿರುನಾಟಕವಾಗಿಯೇ ಆರಂಭವಾದುದು. ನೊಂದವರ ಕತೆಯನ್ನು ನೊಂದವರ ಮುಂದೆ ಹಾಡಿದರೆ ಅವರಿಗೆ ಧೈರ್ಯ ಬರುತ್ತದೆ. ಅದನ್ನೇ ಮನೆ ಗುಡಿಸಲು ಆಳಿಟ್ಟುಕೊಂಡವರ ಮುಂದೆ ಹಾಡಿದರೆ ಅವರು ಎರಡು ಗಂಟೆ ಆ ಆಳಿನ ಕಣ್ಣಿನಿಂದ ಲೋಕವನ್ನು ನೋಡಬೇಕಾಗುತ್ತದೆ. ಎರಡೂ ಬೇಕು.

ಇನ್ನು ಶುದ್ಧಿಯ ಪ್ರಶ್ನೆ. ಗಾಯಕರು ತಮ್ಮ ನಾಡಿನ, ತಮ್ಮ ನುಡಿಯ ಹಾಡುಗಳನ್ನೇ ಹಾಡಬೇಕೆಂದು ಲಂಡನ್ನಿನ ತಮ್ಮ ಕೂಟದಲ್ಲಿ ಕಟ್ಟುಪಾಡು ಮಾಡಿದ ಈವನ್ ಮಕಾಲ್ ಅವರ ಹೆಸರನ್ನು ಶುದ್ಧಿವಾದಿಗಳು ಗೌರವದಿಂದ ಸ್ಮರಿಸುತ್ತಾರೆ. ಅವರು ಹಾಡಿಗೆ ಬಂದುದು ಎಲ್ಲಿಂದ? ರಂಗಭೂಮಿಯಿಂದ! ಜೋನ್ ಲಿಟ್ಲ್‌ವುಡ್ ಅವರೊಡನೆ 1945ರಲ್ಲಿ ‘ಥಿಯೇಟರ್ ವರ್ಕ್‌ಷಾಪ್’ ಕಟ್ಟಿ ಅದಕ್ಕಾಗಿ ನಾಟಕ ಬರೆದವರು ಅವರು. 1958ರಿಂದ ಲಾವಣಿಯನ್ನು ರೇಡಿಯೋಕ್ಕೆ ಒಗ್ಗಿಸಿದವರೂ ಅವರೇ. ಅವರು ಕಟ್ಟಿದ ಒಂದು ಪ್ರೇಮಗೀತೆ 1972ರಲ್ಲಿ ರೊಬರ್ಟಾ ಫ್ಲ್ಯಾಕ್ ಅವರ ಕಂಠದಲ್ಲಿ ಅಮೆರಿಕದ ಮಾರಾಟದ ಪಟ್ಟಿಯ ತುದಿಗೇರಿತು. ಇದನ್ನು ಮಕಾಲ್ ಅವರ ದೋಷವೆಂದು ನಾನು ಹೇಳುತ್ತಿಲ್ಲ. ಹಾಡು ಮತ್ತು ರಂಗಗಳ ನಡುವೆ ಗೋಡೆ ಎಂದೂ ಇರಲಿಲ್ಲ ಎಂಬುದಕ್ಕೆ ಇದು ನಿದರ್ಶನ.

ಮತ್ತೊಂದು ಮಾತು. ಗಾಯಕಿ ಬಡವಳಾಗಿಯೇ ಇರಲಿ, ಹಾಡು ಶುದ್ಧವಾಗಿರಲಿ ಎಂದು ಬಯಸುವವರು ಬಹುಮಟ್ಟಿಗೆ ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವವರು. ಜೀನಿ ರಾಬರ್ಟ್‌ಸನ್ ಅಂಥ ಮಹಾಗಾಯಕಿ ದೇಶವಿದೇಶಗಳ ವಿದ್ವಾಂಸರ ಮೆಚ್ಚುಗೆ ಪಡೆದರು. ಆದರೆ ಮೆಚ್ಚುಗೆಯಿಂದ ಒಲೆ ಉರಿಯುವುದಿಲ್ಲ. ಹಾಡುವವರೂ ಉಣ್ಣಬೇಕು, ಮಕ್ಕಳನ್ನು ಸಾಕಬೇಕು. ಇದನ್ನು ಮರೆತ ಕಲಾಪ್ರೇಮ ಮಗುವನ್ನು ಮುದ್ದಿಸಿ, ಹಾಲಿಗೆ ಕಾಸು ಕೊಡದ ನೆಂಟನ ಪ್ರೀತಿಯಂತೆ.

ಹಾಗಾದರೆ ನಷ್ಟವೇ ಇಲ್ಲವೇ? ಇದೆ. 1970ರ, 1980ರ ದಶಕಗಳಲ್ಲಿ ಆಕೆಯ ಕಂಠ ಅತ್ಯಂತ ಸಮೃದ್ಧವಾಗಿದ್ದಾಗ ಸ್ಕಾಟ್ಲೆಂಡಿನ ಹಳೆಯ ಹಾಡುಗಳಿಗೆ ಅದರಲ್ಲಿ ಸಣ್ಣ ಪಾಲು ಸಿಕ್ಕಿತು. ಮಾರುಕಟ್ಟೆಯ ಹಾಡು ಆರು ತಿಂಗಳಿಗೆ ಹಳತಾಗುತ್ತದೆ. ಮುನ್ನೂರು ವರ್ಷ ಬಾಳಿದ ಲಾವಣಿಯನ್ನು ಒಂದು ಒಳ್ಳೆಯ ಕಂಠ ಮುಟ್ಟದೆ ಬಿಟ್ಟರೆ ಆ ನಷ್ಟವನ್ನು ತುಂಬುವವರಿಲ್ಲ. ಈ ಭಾವನೆ ಆಕೆಗೂ ಇದ್ದಿರಬೇಕೆಂದು ಆಮೇಲಿನ ನಡೆಯಿಂದ ಊಹಿಸುತ್ತೇನೆ. 2004ರಲ್ಲಿ, ಕೊಳವೆವಾದ್ಯಗಳಲ್ಲಿ ನಿಪುಣರಾದ ಟ್ರಾಯ್ ಡೊನಾಕ್ಲಿ ಅವರ ಜೊತೆಯಲ್ಲಿ ಆಕೆ ಹಳೆಯ ಹಾಡುಗಳ ಕಡೆಗೆ ಮರಳಿದರು. ಆ ಮುದ್ರಿಕೆಯ ಹೆಸರು ‘ಫುಲ್ ಸರ್ಕಲ್’. ಚಕ್ರ ಒಂದು ಸುತ್ತು ತಿರುಗಿ ಹೊರಟಲ್ಲಿಗೇ ಬಂದಿತೆಂದು ಅದರ ಭಾವ. 2008ರಲ್ಲಿ ಅದೇ ಜೊತೆಗಾರಿಕೆಯಲ್ಲಿ ಇನ್ನೊಂದು ಬಂದಿತು. ಹೊರಟ ಮನೆಗೆ ಮರಳಲು ದಾರಿ ನೆನಪಿದ್ದವರು ಮನೆಬಿಟ್ಟವರೆನಿಸುವುದಿಲ್ಲ.

ಇಷ್ಟರಿಂದ ನಾನು ತೆಗೆಯುವ ತೀರ್ಮಾನ ಇದು. ಜಾನಪದವೆಂಬುದು ವೇಷವಲ್ಲ, ಸ್ಥಳವಲ್ಲ, ವಾದ್ಯವೂ ಅಲ್ಲ. ಹೇಳುವವನು ಹಿಂದೆ ಸರಿದು ಕತೆಯನ್ನು ಮುಂದೆ ಬಿಡುವ ಒಂದು ನಡತೆ ಅದು. ಆ ನಡತೆಯನ್ನು ಕಳೆದುಕೊಂಡವರು ಹೆಂಚಿನ ಮನೆಯ ಜಗಲಿಯಲ್ಲಿ ಕುಳಿತು ಹಾಡಿದರೂ ಅದು ಪ್ರದರ್ಶನವೇ. ಉಳಿಸಿಕೊಂಡವರು ಸಾವಿರ ದೀಪಗಳ ಕೆಳಗೆ ನಿಂತರೂ ಅದು ಲಾವಣಿಯೇ. ಆದುದರಿಂದ ಗಾಯಕರನ್ನು “ಎಲ್ಲಿ ಹಾಡಿದಿರಿ?” ಎಂದು ಕೇಳುವುದಕ್ಕಿಂತ “ಯಾರ ಕತೆಯನ್ನು ಹಾಡಿದಿರಿ? ಅದಕ್ಕೆ ಅಡ್ಡ ನಿಲ್ಲದೆ ಹಾಡಿದಿರಾ?” ಎಂದು ಕೇಳುವುದು ನ್ಯಾಯ. ಬಾರ್ಬರಾ ಡಿಕ್ಸನ್ ಅವರ ಎಲ್ಲ ಹಾಡುಗಳೂ ಈ ಪರೀಕ್ಷೆಯಲ್ಲಿ ಗೆಲ್ಲಲಾರವು. ಆದರೆ ಎರಡು ಹೆಣಗಳ ನಡುವೆ ನಿಂತ ಆ ತಾಯಿಯ ಹಾಡು ಗೆದ್ದಿದೆ. ಒಂದು ಜೀವಮಾನಕ್ಕೆ ಅಂಥ ಗೆಲವು ಸಣ್ಣದಲ್ಲ.

ಕಂಠವಿದ್ದೂ ಗುಮಾಸ್ತಗಿರಿಗೆ ಅರ್ಜಿ ಬರೆಯುತ್ತಿರುವ ಸಹಪಾಠಿಗಳು ನಮ್ಮಲ್ಲಿ ಹಲವರಿದ್ದಾರೆ. ಅವರು ಕೆಲಸ ಬಿಡಲಿ, ಹಿಡಿಯಲಿ ಎಂದು ಹೇಳುವ ಅಧಿಕಾರ ನನಗಿಲ್ಲ. ಅವರವರ ಮನೆಯ ಕಷ್ಟ ಅವರವರಿಗೆ ಗೊತ್ತು. ಆದರೆ ಹಾಡಿನಿಂದ ಹೊಟ್ಟೆ ಹೊರೆಯಲು ಅವರಲ್ಲಿ ಯಾರಾದರೂ ಹೊರಟರೆ, ಹಾಡು ಕೆಟ್ಟಿತೆಂದು ಮೊದಲ ದಿನವೇ ತೀರ್ಪು ಕೊಡುವ ಆತುರ ನಮಗೆ ಬೇಡ. ಹಾಡನ್ನು ಪೂರ್ತಿ ಕೇಳೋಣ, ಆಮೇಲೆ ಮಾತನಾಡೋಣ.